ಏಳನೇ ಬೀಸು

ಬೆನ್ನ ಮೇಲೆ ಮಲಗಿ ಈಜುವವರಿಗೆ ಗೋಡೆ ಕಾಣುವುದಿಲ್ಲ. ಕಣ್ಣು ಮೇಲಕ್ಕಿರುತ್ತದೆ, ತಲೆ ಗೋಡೆಯ ಕಡೆ ನುಗ್ಗುತ್ತಿರುತ್ತದೆ. ಅದಕ್ಕೇ ಈಜುಕೊಳದ ಎರಡೂ ತುದಿಯಲ್ಲಿ, ಗೋಡೆಗಿಂತ ಐದು ಮೀಟರ್ ಈಚೆಗೆ, ನೀರಿನ ಮೇಲೆ ಅಡ್ಡಲಾಗಿ ಹಗ್ಗ ಬಿಗಿದು ಸಣ್ಣ ಬಾವುಟಗಳನ್ನು ತೂಗಿಬಿಡುತ್ತಾರೆ. ಬಾವುಟ ತಲೆಯ ಮೇಲೆ ದಾಟಿತೋ, ಅಲ್ಲಿಂದ ಕೈಬೀಸು ಎಣಿಸಬೇಕು. ಎಷ್ಟನೇ ಬೀಸಿಗೆ ಗೋಡೆ ಎನ್ನುವುದು ಮೈಗೆ ಅಭ್ಯಾಸವಾಗಿರುತ್ತದೆ. ಆ ಹಗ್ಗ ಕಟ್ಟುವವನು ನಾನು. ಹತ್ತೊಂಬತ್ತು ವರ್ಷದಿಂದ ಇಲ್ಲಿನ ಪಂಪು, ಫಿಲ್ಟರು, ಕ್ಲೋರಿನ್ನು, ಹಗ್ಗ ಎಲ್ಲವೂ ನನ್ನ ಕೈಯಲ್ಲೇ.

ನಮ್ಮ ಅಕ್ಕನ ಮಗಳನ್ನು ಈ ನೀರಿಗೆ ಇಳಿಸಿದವನೂ ನಾನೇ. ಭಾವ ತೀರಿಕೊಂಡಿದ್ದರು. ಅಕ್ಕನಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ನೋಡಿಕೊಳ್ಳುವವರಿಲ್ಲ. ನಿಂತಲ್ಲಿ ನಿಲ್ಲದ ಕೂಸು, ಮನೆಯಲ್ಲಿ ಗಿರಗಿಟ್ಲೆ ಎಂದೇ ಕರೆಯುತ್ತಿದ್ದೆವು. ಮೇಷ್ಟ್ರುಗಳಿಂದ ದಿನಾ ದೂರು. ಪಂಪಿನ ಕೋಣೆಯಲ್ಲಿ ಕೂರಿಸಿದರೆ ಅಲ್ಲಿದ್ದ ನಲ್ಲಿಗಳನ್ನೆಲ್ಲ ತಿರುಗಿಸಿಟ್ಟಳು. ಸಾಕಪ್ಪಾ ಸಾಕು ಎಂದು ಒಂದು ದಿನ ನೀರಿಗೇ ಹಾಕಿದೆ. ಅಲ್ಲಿಂದ ಮೇಲೆ ಬರಲೇ ಒಲ್ಲಳು.

"ಮಾಮ, ಕಿವಿ ನೀರಲ್ಲಿ ಮುಳುಗಿದ್ರೆ ಯಾರು ಬೈಯೋದೂ ಕೇಳ್ಸಲ್ಲ. ನನ್ನ ಉಸಿರು ಮಾತ್ರ ಕೇಳ್ಸತ್ತೆ" ಎಂದಿದ್ದಳು, ಏಳು ವರ್ಷಕ್ಕೆ. ಅಷ್ಟೇ, ಅದೇ ಅವಳ ಬದುಕಾಯಿತು. ಪಾಠಕ್ಕೆ ಕೂರದ ಹುಡುಗಿ ಗಡಿಯಾರ ನೋಡಿ ಏಳತೊಡಗಿದಳು, ಹೇಳಿದಷ್ಟು ಉಣ್ಣತೊಡಗಿದಳು. ಅಕ್ಕ ಅವಳ ಒದ್ದೆ ಕೂದಲು ಒರೆಸುತ್ತಾ ನಗುತ್ತಿದ್ದಳು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಇನ್ನು ನನ್ನ ಘನಕಾರ್ಯ. ಆಚೆ ತುದಿಯಲ್ಲಿ ಹಗ್ಗ ಕಟ್ಟುವ ಕಂಬದ ಕೊಕ್ಕೆ ತುಕ್ಕು ಹಿಡಿದು ಮುರಿದುಬಿತ್ತು. ಮ್ಯಾನೇಜರಿಗೆ ಹೇಳಿದೆ. "ಮುಂದಿನ ವಾರ ತರಿಸೋಣ" ಎಂದರು. ಅಲ್ಲಿಯವರೆಗೆ ಇರಲಿ ಎಂದು ಪಕ್ಕದ ದೀಪದ ಕಂಬಕ್ಕೆ ಕಟ್ಟಿದೆ. ಅದು ಗೋಡೆಯಿಂದ ಏಳು ಮೀಟರ್ ದೂರ. ಮುಂದಿನ ವಾರ ಬರಲೇ ಇಲ್ಲ, ನಾಲ್ಕು ವರ್ಷ ಹೋಯಿತು. ಮೂರು ಸಲ ಕೇಳಿ ನಾನೂ ಸುಮ್ಮನಾದೆ. ಇದ್ದ ಒಬ್ಬ ಕೋಚ್ ಮುಂದಕ್ಕೆ ಈಜುವವರ ಹಿಂದೆಯೇ ಓಡಾಡುತ್ತಿದ್ದರು. ಬೆನ್ನ ಮೇಲೆ ಈಜುವವಳು ನಮ್ಮ ಗಿರಗಿಟ್ಲೆ ಒಬ್ಬಳೇ. ಬೀಸು ಎಣಿಸಿ ತಿರುಗುವುದನ್ನು ಅವಳು ಕಲಿತದ್ದೂ ಹಗ್ಗ ಜರುಗಿದ ಮೇಲೆಯೇ.

ಅವಳು ಬಿಡುತ್ತಾಳೆಯೇ? ಕೇಳಿಯೇ ಕೇಳಿದಳು. "ಮಾಮ, ಈ ತುದೀಲಿ ಐದು ಬೀಸಿಗೆ ಗೋಡೆ ಬರತ್ತೆ, ಆ ತುದೀಲಿ ಏಳಕ್ಕೆ. ಯಾಕೆ?"

ಏಣಿ ಹತ್ತಿ ಫಿಲ್ಟರ್ ತೊಳೆಯುತ್ತಿದ್ದೆ. ಸೋಮಾರಿ ಬಾಯಿ, ಅದಕ್ಕೇನು? "ಅಲ್ಲಿಗೆ ಹೋಗೋಷ್ಟರಲ್ಲಿ ನಿಂಗೆ ಸುಸ್ತಾಗಿರತ್ತೆ ಕಣೇ. ಬೀಸು ಚಿಕ್ಕದಾಗತ್ತೆ" ಎಂದುಬಿಟ್ಟೆ.

ನಂಬಿದಳು. ಮಾಮ ಹೇಳಿದ ಮೇಲೆ ಮುಗಿಯಿತು. ಸುಸ್ತು ಕಳೆಯಬೇಕೆಂದು ದಿನಕ್ಕೆ ಎಂಟು ಸುತ್ತು ಜಾಸ್ತಿ ಈಜಿದಳು. ಏಳು ಆರಾಗಲಿಲ್ಲ. ಕೊನೆಗೆ ಏಳನ್ನೇ ಗಟ್ಟಿ ಮಾಡಿಕೊಂಡಳು. ಹೋಲಿಸಿ ನೋಡಲು ಬೇರೆ ಕೊಳದಲ್ಲಿ ಅವಳು ಈಜಿಯೇ ಇರಲಿಲ್ಲ.

ಅವಳಿಗೆ ಹದಿಮೂರು ತುಂಬಿದ ವರ್ಷ ಆಯ್ಕೆಯ ಸ್ಪರ್ಧೆ ನಮ್ಮ ಕೊಳದಲ್ಲೇ ನಡೆಯಿತು. ನೂರು ಮೀಟರಿನಲ್ಲಿ ಮೊದಲ ಇಬ್ಬರಿಗೆ ತರಬೇತಿ ಹಾಸ್ಟೆಲಿನಲ್ಲಿ ಜಾಗ. ಅಲ್ಲಿ ಊಟ, ಓದು, ಈಜು ಎಲ್ಲ ಅವರದೇ. ಹೆಸರು ಕೊಟ್ಟವರ ಸಮಯ ನೋಡಿದರೆ ಎರಡನೆಯವಳು ಅವಳಿಗಿಂತ ನಾಲ್ಕು ಸೆಕೆಂಡ್ ಹಿಂದಿದ್ದಳು. ಅಕ್ಕ ರಜೆ ಹಾಕಿ ಬಂದು ಮೆಟ್ಟಿಲ ಮೇಲೆ ಮೊದಲ ಸಾಲಿನಲ್ಲಿ ಕೂತಿದ್ದಳು.

ಬೆಳಿಗ್ಗೆ ಮೈ ಬಿಸಿ ಮಾಡಿಕೊಳ್ಳಲು ಎಲ್ಲರೂ ಒಮ್ಮೆ ಈಜಿದರು. ಹೊರಗಿನಿಂದ ಬಂದ ಹುಡುಗಿಯೊಬ್ಬಳು ಹೋಗಿ ರೆಫರಿಗೆ ಹೇಳಿದಳು, ಆಚೆಯ ಬಾವುಟ ಗೋಡೆಯಿಂದ ಬಹಳ ದೂರ ಇದೆ ಎಂದು. ಅವರು ಟೇಪು ಹಿಡಿದರು. ಏಳು ಮೀಟರ್. ಅವರ ಮುಖ ಕೆಂಪಾಯಿತು.

"ಯಾರ್ರೀ ಇದನ್ನ ಕಟ್ಟಿದ್ದು? ಎಷ್ಟು ದಿನದಿಂದ ಹೀಗಿದೆ?"

ಮ್ಯಾನೇಜರ್ ನನ್ನ ಕಡೆ ತಿರುಗಿದರು. ಕೊಕ್ಕೆಯ ಮಾತು ಅವರಿಗೆ ನೆನಪೇ ಇಲ್ಲದ ಹಾಗೆ ನಿಂತಿದ್ದರು. ಹತ್ತಾರು ಜನ ನೋಡುತ್ತಿದ್ದರು. ನಾಲ್ಕು ವರ್ಷ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

"ಇವತ್ತು ಬೆಳಿಗ್ಗೆ ಅವಸರದಲ್ಲಿ ಕಟ್ಟಿದ್ದು ಸಾರ್. ದಿನಾ ಸರಿಯಾಗೇ ಇರತ್ತೆ" ಎಂದೆ.

"ಮತ್ತೆ ನೋಡ್ತಾ ನಿಂತಿದ್ದೀರಲ್ಲ, ಸರಿ ಮಾಡಿ."

ಮಾಡಿದೆ. ಮುರಿದ ಕೊಕ್ಕೆಯ ಜಾಗಕ್ಕೆ ತಂತಿ ಸುತ್ತಿ, ಟೇಪಿನ ಪ್ರಕಾರ ಐದಕ್ಕೆ ಸರಿಯಾಗಿ ಬಿಗಿದೆ. ಹತ್ತು ನಿಮಿಷದ ಕೆಲಸ! ನಾಲ್ಕು ವರ್ಷ ನನ್ನಿಂದಾಗದ ಹತ್ತು ನಿಮಿಷದ ಕೆಲಸ.

ಹುಡುಗಿಯರು ಒಳಕೋಣೆಯಲ್ಲಿ ಸರದಿಗೆ ಕಾಯುತ್ತಿದ್ದರು. ಇಪ್ಪತ್ತು ಹೆಜ್ಜೆ ದೂರ. ಬಾಗಿಲ ಹತ್ತಿರ ಹೋಗಿ "ಆ ಕಡೆಗೂ ಐದೇ ಕಣೇ" ಎಂದಿದ್ದರೆ ಸಾಕಿತ್ತು. ಬಾಗಿಲಲ್ಲಿ ಆ ರೆಫರಿಯೇ ನಿಂತಿದ್ದರು. ದಿನಾ ಸರಿಯಾಗಿರುವ ಹಗ್ಗದ ಬಗ್ಗೆ ಇವಳಿಗೆ ಏನು ಹೇಳಲು ಬಂದೆ ಎಂದು ಕೇಳಿದರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಕೆಲಸ ಹೋಗುತ್ತದೆ ಎಂದು ಹೆದರಿದೆ. ಅದಕ್ಕಿಂತ ಹೆಚ್ಚಾಗಿ ಮಾನ ಹೋಗುತ್ತದೆ ಎಂದು ಹೆದರಿದೆ. ಹೇಗೂ ಬಾವುಟ ಜರುಗಿದ್ದು ಅವಳಿಗೇ ತಿಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಪಂಪಿನ ಕೋಣೆಗೆ ಹೋಗಿ ಕಿಟಕಿಯಲ್ಲಿ ನಿಂತೆ.

ಸೀಟಿ ಕೂಗಿತು. ಅಬ್ಬಾ, ಏನು ಈಜಿದಳು! ಎಲ್ಲರನ್ನೂ ಎರಡು ಮೈಯುದ್ದ ಹಿಂದೆ ಹಾಕಿ ಆಚೆ ತುದಿಗೆ ಹೋಗುತ್ತಿದ್ದಳು. ಬಾವುಟ ದಾಟಿತು. ನಾನೂ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ತಿರುಗೇ, ತಿರುಗೇ ನನ್ನವ್ವಾ ಎಂದು ಒಳಗಿನಿಂದಲೇ ಕೂಗಿದೆ. ಪಂಪಿನ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಐದನೇ ಬೀಸಿಗೆ ಅವಳ ಕೈ ಪೂರ್ತಿ ವೇಗದಲ್ಲಿ ಗೋಡೆಗೆ ಬಡಿಯಿತು, ಹಿಂದೆಯೇ ತಲೆ.

ಎರಡು ಬೆರಳು ಮುರಿದಿದ್ದವು, ತಲೆಗೆ ನಾಲ್ಕು ಹೊಲಿಗೆ. ಹಾಸ್ಟೆಲಿಗೆ ಬೇರೆ ಇಬ್ಬರು ಹೋದರು. "ಇಷ್ಟು ವರ್ಷ ಈಜಿದ ಕೊಳದಲ್ಲೇ ಎಣಿಸೋಕೆ ಬರಲ್ವಾ?" ಎಂದು ಕೋಚ್ ಎಲ್ಲರೆದುರು ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. "ನಂದೇ ತಪ್ಪು ಮಾಮ, ಖುಷೀಲಿ ಎಣಿಕೆ ತಪ್ಪಿಸ್ಕೊಂಡೆ" ಎಂದು ನನಗೇ ಸಮಾಧಾನ ಹೇಳಿದಳು!

ಪಟ್ಟಿ ಬಿಚ್ಚಿದ ಮೇಲೆ ಮತ್ತೆ ನೀರಿಗೆ ಬಂದಳು. ಆದರೆ ಅದು ಈಜಲ್ಲ. ಬಾವುಟ ಬಂತೆಂದರೆ ಕತ್ತು ತಿರುಗಿಸಿ ಗೋಡೆ ನೋಡುತ್ತಿದ್ದಳು, ಅರ್ಧ ದಾರಿಯಲ್ಲೇ ಕೈ ಎಳೆದುಕೊಳ್ಳುತ್ತಿದ್ದಳು. ಎರಡು ತಿಂಗಳಿಗೆ ಒಂದು ಸಂಜೆ ಟವೆಲ್ ಮಡಚುತ್ತಾ, "ನಾಳೆಯಿಂದ ಬರಲ್ಲ ಮಾಮ. ನನ್ನ ತಲೆ ಮೇಲೆ ನಂಗೇ ನಂಬಿಕೆ ಇಲ್ಲ" ಎಂದಳು.

ಆಗ ಹೇಳಿದೆ. ಕೊಕ್ಕೆ, ದೀಪದ ಕಂಬ, ಸುಸ್ತಿನ ಸುಳ್ಳು, ಟೇಪು, ಕಿಟಕಿ, ಒಂದನ್ನೂ ಬಿಡದೆ.

ಟವೆಲ್ ಮಡಚುವುದನ್ನು ನಿಲ್ಲಿಸಿದಳು. ಆಮೇಲೆ, "ಅಂದ್ರೆ ನಾನು ಸುಸ್ತಾಗ್ತಾ ಇರ್ಲಿಲ್ವಾ?"

"ಇಲ್ಲಮ್ಮ."

"ಸರಿಯಾಗೇ ಎಣಿಸ್ತಿದ್ನಾ?"

"ಸರಿಯಾಗೇ."

ಟವೆಲ್ ಅಲ್ಲೇ ಬಿಸಾಕಿ ನೀರಿಗೆ ಹಾರಿದಳು. ಕತ್ತು ಅಲುಗಿಸಲಿಲ್ಲ. ಐದನೇ ಬೀಸಿಗೆ ಮಗುಚಿ, ಗೋಡೆ ಒದ್ದು ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ನೀರಿನಲ್ಲಿ ಗಟ್ಟಿಯಾಗಿ ನಗುತ್ತಿದ್ದಳು. ನನ್ನ ಹೊಟ್ಟೆ ತಣ್ಣಗಾಯಿತು. ಕ್ಷಮಿಸಿದಳು ಎಂದುಕೊಂಡೆ. ಎಂಥ ದಡ್ಡ ನಾನು!

ಮುಂದಿನ ವರ್ಷ ಮೊದಲನೆಯವಳಾಗಿ ಗೆದ್ದಳು. ಹಾಸ್ಟೆಲಿನ ಮೇಡಂ ಕರೆದುಕೊಂಡು ಹೋಗಲು ಕೊಳದ ಬಾಗಿಲಿಗೇ ವ್ಯಾನು ತಂದಿದ್ದರು. ಅಕ್ಕ ಒಳಗೆ ಕಾಗದಗಳಿಗೆ ಸಹಿ ಹಾಕುತ್ತಿದ್ದಳು. ನಾನು ಹುಡುಗಿಯ ಪೆಟ್ಟಿಗೆ ಎತ್ತಿ ವ್ಯಾನಿಗೆ ಇಟ್ಟೆ.

"ಇವರು ನಿಮ್ಮ ಕಡೆಯವರೇನಮ್ಮಾ?" ಎಂದು ಮೇಡಂ ಕೇಳಿದರು.

ಅವಳು ನನ್ನ ಮುಖವನ್ನು ನೆಟ್ಟಗೆ ನೋಡಿದಳು. ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.

"ಅಲ್ಲ ಮೇಡಂ. ಇಲ್ಲಿ ಕೆಲಸ ಮಾಡೋರು" ಎಂದಳು.